ಕ್ಲಚ್ಚಕ್ಕ ಅತ್ತೆಗೆ ಕಾರು ಕಲಿಸಿದ್ದು

ಹೆತ್ತವರು ಇಟ್ಟ ಹೆಸರು ಅವಳಿಗೊಂದು ಇದೆ, ಆದರೆ ಅದು ಈಗ ಲೈಸೆನ್ಸಿನ ಮೇಲೆ ಮಾತ್ರ ಉಳಿದುಕೊಂಡಿದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು "ಕ್ಲಚ್ಚು, ಕ್ಲಚ್ಚು, ಮೆಲ್ಲಗೆ ಬಿಡಿ ಕ್ಲಚ್ಚು" ಎಂದು ಒಂದೇ ರಾಗ ಹಾಡುವ ಹೆಂಗಸಿಗೆ ಜನ ಬೇರೇನು ಹೆಸರಿಟ್ಟಾರು? ಕ್ಲಚ್ಚಕ್ಕ ಎಂದರು. ಮೊದಮೊದಲು ಅವಳು ಮೂಗು ಮುರಿದಳು. ಸ್ಕೂಲಿನ ಯಜಮಾನರು ಹೊರಗಿನ ಬೋರ್ಡಿನಲ್ಲೂ ಅದನ್ನೇ ಬರೆಸಿಬಿಟ್ಟ ಮೇಲೆ ಸುಮ್ಮನಾದಳು.

ಆ ಕಾರಿಗೆ ಪಕ್ಕದ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇವೆ. ಕಲಿಯುವವರು ಎಡವಟ್ಟು ಮಾಡಿದರೆ ಕಲಿಸುವವರು ತಮ್ಮ ಕಡೆಯಿಂದ ತುಳಿದು ಇಬ್ಬರ ಜೀವವನ್ನೂ ಉಳಿಸಬೇಕು. ಹಾಗೆ ತುಳಿಯುವ ಕಾಲಿಗೆ ಆ ಸ್ಕೂಲಿನಲ್ಲಿ ಕಳ್ಳಗಾಲು ಎನ್ನುತ್ತಿದ್ದರು. ಕಳ್ಳಗಾಲು ಹೇಗಿರಬೇಕೆಂದರೆ, ಒತ್ತಿದ್ದು ಪಕ್ಕದವರಿಗೆ ಗೊತ್ತೇ ಆಗಬಾರದು. ಕಾರು ನಿಂತದ್ದು ತಮ್ಮ ಜಾಣತನದಿಂದಲೇ ಎಂದುಕೊಂಡು ಅವರು ಮನೆಗೆ ಹೋಗಿ ಜಂಬ ಕೊಚ್ಚಿಕೊಳ್ಳಬೇಕು. ಈ ವಿದ್ಯೆಯಲ್ಲಿ ಕ್ಲಚ್ಚಕ್ಕನನ್ನು ಮೀರಿಸಿದವರಿಲ್ಲ. ಅವಳಿಗೆ ಇನ್ನೊಂದು ವಿದ್ಯೆಯೂ ತಿಳಿದಿತ್ತು. ಯಾರು ಎಲ್ಲಿ ಬ್ರೇಕ್ ತುಳಿಯುತ್ತಾರೆ ಎಂಬುದನ್ನು ನೋಡಿ ಅವರ ಭಯ ಯಾವುದೆಂದು ಹೇಳಿಬಿಡುತ್ತಿದ್ದಳು. ನಾಯಿ ಕಂಡರೆ ತುಳಿಯುವವರಿದ್ದಾರೆ, ಪೊಲೀಸ್ ಟೋಪಿ ಕಂಡರೆ ತುಳಿಯುವವರಿದ್ದಾರೆ. ಬ್ಯಾಂಕಿನ ಗುಮಾಸ್ತನೊಬ್ಬ ಒಂದು ಹಸಿರು ಗೇಟಿನ ಮನೆಯ ಮುಂದೆ ತಪ್ಪದೆ ತುಳಿದು ಇಂಜಿನ್ ಆಫ್ ಮಾಡಿಕೊಳ್ಳುತ್ತಿದ್ದ. ಕೊನೆಗೆ ಅವಳೇ ಕೇಳಿದ್ದಳು: "ಆ ಮನೆ ಹುಡುಗಿಗೆ ಮದುವೆ ಆಗೋಯ್ತಾ?" ಪಾಪ, ಗುಮಾಸ್ತ ಕಿವಿಯವರೆಗೆ ಕೆಂಪಾಗಿದ್ದ.

ಇಷ್ಟೆಲ್ಲ ತಿಳಿದವಳಿಗೆ ಒಬ್ಬರ ವಿಷಯದಲ್ಲಿ ಮಾತ್ರ ಏನೂ ತಿಳಿದಿರಲಿಲ್ಲ. ಅವರು ಒಂದು ದಿನ ಬೆಳಿಗ್ಗೆ ಸ್ಕೂಲಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಸಣಕಲು ದೇಹ, ಕೋಲಿನ ಹಾಗೆ ನೆಟ್ಟಗಿನ ಬೆನ್ನು, ಕೈಯಲ್ಲಿ ಅಳತೆ ಟೇಪು ಇಣುಕುತ್ತಿದ್ದ ಬಟ್ಟೆಯ ಚೀಲ. ಅವರು ಕ್ಲಚ್ಚಕ್ಕನ ಅತ್ತೆ. ಅಂದರೆ, ಅತ್ತೆಯಾಗಿದ್ದವರು. ಗಂಡನನ್ನು ಬಿಟ್ಟರೆ ಅತ್ತೆಯನ್ನೂ ಬಿಟ್ಟ ಹಾಗೆಯೇ ಎಂದು ಅವಳು ಎಷ್ಟೋ ವರ್ಷ ನಂಬಿದ್ದಳು.

"ನನಗೆ ಕಾರು ಕಲೀಬೇಕು" ಎಂದರು ಅತ್ತೆ. ಯಜಮಾನರು ಕುರ್ಚಿ ಒರೆಸಿ ಕೂರಿಸಲು ಹೋದರು. ಅತ್ತೆ ಕೂರಲಿಲ್ಲ. ಕ್ಲಚ್ಚಕ್ಕನ ಕಡೆ ಗದ್ದ ತೋರಿಸಿ, "ಇವಳೇ ಕಲಿಸ್ಬೇಕು" ಎಂದರು.

ಈಗ ಹಿಂದಿನದನ್ನು ಸ್ವಲ್ಪ ಹೇಳಲೇಬೇಕು. ಕ್ಲಚ್ಚಕ್ಕನ ಅಪ್ಪ ಬ್ರೆಡ್ಡು ಸಾಗಿಸುವ ವ್ಯಾನಿನ ಡ್ರೈವರ್. ಕಾರ್ಖಾನೆಯ ಅಂಗಳದಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟಿಯರಿಂಗ್ ಕೊಟ್ಟಿದ್ದ. ಹಾಗಾಗಿ ಅವಳು ಮದುವೆಯಾಗಿ ಬಂದಾಗ ಅಡುಗೆ ಅಷ್ಟಕ್ಕಷ್ಟೇ ಆದರೂ ಡ್ರೈವಿಂಗು ನೀರು ಕುಡಿದಷ್ಟು ಸುಲಭವಾಗಿತ್ತು. ಮಾವನದು ಮೇಜು ಕುರ್ಚಿಗಳ ಅಂಗಡಿ. ಮಾವ ಎಂದರೆ ಬೀದಿಗೆ ಬೀದಿಯೇ ಕೈಯೆತ್ತಿ ಮಾತಾಡಿಸುತ್ತಿತ್ತು. ಯಾರಿಗೆ ಕಷ್ಟವೆಂದರೂ ಮೊದಲು ಓಡುವವರು, ಚಹಾದ ಅಂಗಡಿಯಲ್ಲಿ ಎಲ್ಲರಿಗಿಂತ ದೊಡ್ಡದಾಗಿ ನಗುವವರು. ಅತ್ತೆಯದು ತದ್ವಿರುದ್ಧ. ಸೊಸೆ ಕೂತರೆ ತಪ್ಪು, ನಿಂತರೆ ತಪ್ಪು. ಪಾತ್ರೆ ಸದ್ದು ಮಾಡಬಾರದು, ಗಟ್ಟಿಯಾಗಿ ನಗಬಾರದು, ಮುಂದಿನ ಕೋಣೆಯಲ್ಲಿ ಚಪ್ಪಲಿ ಅಡ್ಡಾದಿಡ್ಡಿ ಬಿಡಬಾರದು. "ನಿಮ್ಮಪ್ಪನ ವ್ಯಾನಲ್ಲಿ ಬೆಳೆದವಳಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ" ಎಂಬ ಮಾತು ದಿನಕ್ಕೊಂದು ಸಲ ಮುಳ್ಳಿನಂತೆ ಚುಚ್ಚುತ್ತಿತ್ತು.

ಆಮೇಲೆ ಒಂದು ಶಾಲೆಯವರು ಮಕ್ಕಳ ವ್ಯಾನ್ ಓಡಿಸಲು ಅವಳನ್ನು ಕರೆದರು. ಹೋಗಬೇಕಾದ ದಿನ ಬೆಳಿಗ್ಗೆ ಕೋಣೆಯ ಬಾಗಿಲು ಹೊರಗಿನಿಂದ ಹಾಕಿತ್ತು. ಚಿಲಕ ಎಳೆದದ್ದು ಅತ್ತೆಯೇ. ಬಳೆಯ ಸದ್ದು ಅವಳಿಗೆ ಕೇಳಿತ್ತು. ಅಂಗೈ ಊದಿಕೊಳ್ಳುವವರೆಗೆ ಬಡಿದಳು, ಕೂಗಿದಳು, ಕೊನೆಗೆ ಬೇಡಿಕೊಂಡಳು. ಸಂಜೆ ಬಾಗಿಲು ತೆರೆದಾಗ ಅತ್ತೆ ತಟ್ಟೆ ಮುಂದಿಟ್ಟು, "ಹಸಿವಾಗಿದ್ರೆ ತಿನ್ನು" ಎಂದರು, ಅಷ್ಟೇ. ಗಂಡನೆನಿಸಿಕೊಂಡವನು ಪೇಪರಿನ ಹಿಂದೆ ಕೂತು ತುಟಿ ಪಿಟಕ್ಕೆನ್ನಲಿಲ್ಲ. ಅದೇ ವಾರ ಅವಳು ಪೆಟ್ಟಿಗೆ ಕಟ್ಟಿದಳು. ಅಂದಿನಿಂದ ಬದುಕಿನಲ್ಲಿ ಏನು ಕೆಟ್ಟರೂ, ಹಾಲು ಒಡೆದರೂ, ಟೈರು ಪಂಕ್ಚರಾದರೂ, ಬೈಯಲು ಒಂದು ಮುಖ ಅವಳ ಬಳಿ ಸಿದ್ಧವಾಗಿರುತ್ತಿತ್ತು. ಈಗ ಆ ಮುಖವೇ ಎದುರಿಗೆ ನಿಂತು, ಕಾರು ಕಲಿಸು ಎನ್ನುತ್ತಿದೆ.

ಅತ್ತೆಯನ್ನು ಹೊರಗೆ ಕರೆದುಕೊಂಡು ಬಂದು ಅವಳು ಕೇಳಿದಳು: "ಊರಲ್ಲಿ ಬೇರೆ ಸ್ಕೂಲಿಲ್ವಾ?"

"ಇದಾವೆ. ಎರಡು ಕಡೆ ಹೋಗಿ ಬಂದೆ. ಬೈತಾರೆ. ಬೈದ್ರೆ ನಂಗೆ ಕೈಕಾಲು ಆಡಲ್ಲ."

"ನಾನು ಬೈಯಲ್ಲ ಅಂತ ಯಾರು ಹೇಳಿದ್ರು ನಿಮಗೆ?"

"ನೀನು ಬೈತೀಯ. ಗೊತ್ತು. ಆದ್ರೆ ನೀನು ಬೈದ್ರೆ ಅದರಲ್ಲಿ ನ್ಯಾಯ ಇದೆ. ಅವರು ಯಾರು ನನ್ನ ಬೈಯೋಕೆ?"

ಅತ್ತೆ ಉಳಿದದ್ದನ್ನೂ ಹೇಳಿದರು. ಮಾವ ತೀರಿಕೊಂಡು ಒಂದು ವರ್ಷವಾಗಿತ್ತು. ಅತ್ತೆ ಈಗ ಪರದೆ ಹೊಲಿಯುತ್ತಿದ್ದರು. ಮೊದಲು ಪಕ್ಕದ ಮನೆಗೆ, ಆಮೇಲೆ ಒಂದು ಆಸ್ಪತ್ರೆಗೆ, ಈಗ ಹೆದ್ದಾರಿ ಬದಿಯ ಲಾಡ್ಜಿನವರು ಎಲ್ಲ ಕೋಣೆಗಳಿಗೂ ಕೇಳಿದ್ದರು. ಬಟ್ಟೆಯ ಥಾನು, ಸರಳು, ಏಣಿ, ಇವನ್ನೆಲ್ಲ ಬಸ್ಸಿನಲ್ಲಿ ಹೊತ್ತು ತಿರುಗುವುದು ಆಗದ ಮಾತು. ಮಾವನ ಕಾರು ಮನೆಯ ಮುಂದೆಯೇ ನಿಂತಿತ್ತು. ಆದರೆ ಮಗ ಅದಕ್ಕೆ ಗಿರಾಕಿ ಹುಡುಕಿಬಿಟ್ಟಿದ್ದ. ತಾಯಿ ಹಟ ಹಿಡಿದಾಗ ನಕ್ಕು, "ಈ ತಿಂಗಳ ಟೆಸ್ಟಲ್ಲಿ ಪಾಸಾದ್ರೆ ಕಾರು ನಿಂದೇ ಅಮ್ಮ, ಇಲ್ಲಾಂದ್ರೆ ಅವತ್ತೇ ಗಿರಾಕಿ ಕೈಗೆ ಕೀಲಿ" ಎಂದಿದ್ದ. ಆಗುವುದಿಲ್ಲ ಎಂಬ ಧೈರ್ಯದ ಮೇಲೆ ಕೊಟ್ಟ ಮಾತು ಅದು.

ಕ್ಲಚ್ಚಕ್ಕ ಕನಿಕರಪಟ್ಟು ಒಪ್ಪಿದಳು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಅವಳ ತಲೆಯೊಳಗೆ ಡೋಲು ಬಾರಿಸುತ್ತಿತ್ತು. ವರ್ಷಗಟ್ಟಲೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಬೈಗುಳಗಳಿಗೆ ಕೊನೆಗೂ ಮುಹೂರ್ತ ಕೂಡಿಬಂತೆಂದು ಅವಳು ಒಪ್ಪಿದಳು.

ಮೊದಲ ಪಾಠ ಗೋದಾಮುಗಳ ಹಿಂದಿನ ಖಾಲಿ ಮೈದಾನದಲ್ಲಿ. ಅತ್ತೆ ಕಾರನ್ನು ಹತ್ತು ಮಾರು ಓಡಿಸುತ್ತಿದ್ದರು, ಬ್ರೇಕ್ ತುಳಿಯುತ್ತಿದ್ದರು. ಮತ್ತೆ ಹತ್ತು ಮಾರು, ಮತ್ತೆ ಬ್ರೇಕು. ಎದುರಿಗೆ ನಾಯಿಯಿಲ್ಲ, ನರಪಿಳ್ಳೆಯಿಲ್ಲ. ಕ್ಲಚ್ಚಕ್ಕ ಇದಕ್ಕೇ ಕಾದಿದ್ದವಳಂತೆ, "ಕಣ್ಣು ಎಲ್ಲಿಟ್ಕೊಂಡಿದ್ದೀರಿ? ಗಾಳಿ ಅಡ್ಡ ಬಂತಾ?" ಎಂದು ಗದರಿದಳು.

"ತಪ್ಪಾಯ್ತು" ಎಂದರು ಅತ್ತೆ.

ಆ ಮಾತು ಎಷ್ಟು ಬೇಗ ಬಂತೆಂದರೆ ಕ್ಲಚ್ಚಕ್ಕನ ಗದರಿಕೆ ಇನ್ನೂ ಬಾಯಲ್ಲೇ ಇತ್ತು. ಬೇರೆ ದಿನವಾಗಿದ್ದರೆ ಜೇನು ಕುಡಿದಂತಾಗಬೇಕಿತ್ತು. ಆಗಲಿಲ್ಲ. ತನ್ನನ್ನು ನಡುಗಿಸಿದ ಹೆಂಗಸು ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡರೆ ಸೇಡಿಗೆ ರುಚಿ ಎಲ್ಲಿಂದ ಬರಬೇಕು? ಅವಳಿಗೆ ಸಿಟ್ಟೇ ಬಂತು, ಆದರೆ ಯಾರ ಮೇಲೆಂದು ತಿಳಿಯಲಿಲ್ಲ.

ಕೆಲವು ದಿನ ಹೀಗೇ ಹೋಯಿತು. ಒಂದು ದಿನ ಮೇಲಿನ ಕನ್ನಡಿ ಓರೆಯಾಗಿದೆಯೆಂದು ಅವಳು ಸರಿಮಾಡಲು ಕೈ ಎತ್ತಿದಳು. ಅತ್ತೆ ಸರಕ್ಕನೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಭುಜದೊಳಗೆ ತಲೆ ಹುದುಗಿಸಿಕೊಂಡರು, ಬ್ರೇಕನ್ನು ಎರಡೂ ಕಾಲಿನಿಂದ ತುಳಿದರು. ಕಾರು ಕೆಮ್ಮಿ ನಿಂತಿತು. ಕ್ಲಚ್ಚಕ್ಕನ ಕೈ ಕನ್ನಡಿಯ ಹತ್ತಿರವೇ ನಿಂತುಬಿಟ್ಟಿತು. ಕಲಿಯಲು ಬಂದ ಎಷ್ಟೋ ಜನರ ಭಯ ನೋಡಿದ್ದಳು, ಆದರೆ ಪಕ್ಕದವರ ಕೈಗೆ ಬ್ರೇಕ್ ತುಳಿದವರನ್ನು ನೋಡಿರಲಿಲ್ಲ. ಆಗ ಅವಳಿಗೆ ಇನ್ನೊಂದೂ ಹೊಳೆಯಿತು. ಇಷ್ಟು ದಿನವೂ ಅತ್ತೆಯ ಕಣ್ಣು ರಸ್ತೆಯ ಮೇಲಿರಲೇ ಇಲ್ಲ.

"ನೀವು ರಸ್ತೆ ನೋಡ್ತಿಲ್ಲ. ನನ್ನ ಕಾಲು ನೋಡ್ತಿದ್ದೀರಿ. ನಾನು ಎಲ್ಲಿ ತುಳೀತೀನೋ ಅಂತ ನನಗಿಂತ ಮುಂಚೆ ನೀವೇ ತುಳೀತಿದ್ದೀರಿ."

"ಅಭ್ಯಾಸ" ಎಂದರು ಅತ್ತೆ.

"ಯಾರ ಕಾಲು ನೋಡಿ ಅಭ್ಯಾಸ?"

ಅತ್ತೆ ಸ್ಟಿಯರಿಂಗಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತ ಕೂತರು. ಆಮೇಲೆ, ಪರದೆಯ ಅಳತೆ ಹೇಳುವ ದನಿಯಲ್ಲಿ ಹೇಳಿದರು: "ಶೂ ಬಿಚ್ಚೋ ಸದ್ದಲ್ಲೇ ಗೊತ್ತಾಗ್ತಿತ್ತು. ಒಂದಾದ್ಮೇಲೊಂದು ಮೆಲ್ಲಗೆ ಇಟ್ರೆ ಆ ದಿನ ಪರವಾಗಿಲ್ಲ. ಎರಡೂ ಗೋಡೆಗೆ ಬಡಿದ್ರೆ ಆ ರಾತ್ರಿ ಏಟು ಅಂತ. ಸದ್ದು ಬರೋಕೆ ಮುಂಚೇನೇ ಮನೆ ಸರಿ ಮಾಡಿಟ್ಟಿರ್ಬೇಕು. ಪಾತ್ರೆ, ಚಪ್ಪಲಿ, ನಗು ಎಲ್ಲಾನೂ."

ಬೀದಿಯಲ್ಲಿ ಎಲ್ಲರಿಗಿಂತ ದೊಡ್ಡದಾಗಿ ನಗುತ್ತಿದ್ದ ಮಾವ! ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ಆ ಮಾರಿಯ ಜೊತೆ ಕ್ಲಚ್ಚಕ್ಕನೂ ಒಂದೇ ಸೂರಿನಡಿ ಇದ್ದಳು. ಆದರೆ ಅವಳಿಗೆ ಕಂಡದ್ದು ಮಾರಿಯ ಮುಂದೆ ಅಡ್ಡ ನಿಂತವರ ಬೆನ್ನು ಮಾತ್ರ. ಅತ್ತೆಯ ಬೈಗುಳಗಳನ್ನು ಒಂದೊಂದಾಗಿ ನೆನೆದುಕೊಂಡಳು. ಎಲ್ಲವೂ ಸಂಜೆಯವು. ಎಲ್ಲವೂ ಮಾವ ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಸ್ವಲ್ಪ ಮುಂಚಿನವು.

"ನಿನ್ನ ಮೇಲೆ ಅವರು ಒಂದಿನಾನೂ ಕೈ ಎತ್ತಲಿಲ್ಲ" ಎಂದರು ಅತ್ತೆ. "ಆ ವ್ಯಾನಿನ ಕೆಲಸದ ಹಿಂದಿನ ದಿನ ಮಾತ್ರ ಹೇಳಿದ್ರು. ಅವಳು ಹೊಸಿಲು ದಾಟ್ಲಿ, ಕೈ ಮುರೀತೀನಿ, ಆಮೇಲೆ ಅದ್ಹೇಗೆ ಸ್ಟಿಯರಿಂಗ್ ಹಿಡೀತಾಳೋ ನೋಡ್ತೀನಿ ಅಂತ. ಹೇಳಿದ್ದು ಮಾಡೋರು ಅವರು. ನಂಗೆ ಚಿಲಕ ಬಿಟ್ಟು ಬೇರೇನೂ ತೋಚಲಿಲ್ಲ."

"ನನಗೆ ಹೇಳಬಹುದಿತ್ತಲ್ಲ!" ಕ್ಲಚ್ಚಕ್ಕ ಕಿರುಚಿದಳು. "ಒಂದೇ ಒಂದು ಮಾತು!"

"ಹೇಳ್ಬೇಕಿತ್ತು. ಹೆದರಿಕೇಲಿ ಬುದ್ಧಿ ಓಡಲ್ಲ." ಅತ್ತೆ ಅವಳ ಕಡೆ ತಿರುಗಿದರು. "ಎಲ್ಲಾನೂ ಅವರ ತಲೆಗೆ ಕಟ್ಟಲ್ಲ ನಾನು. ನಿನ್ನ ನಗು ಕೇಳಿದ್ರೆ ನಂಗೆ ಹೊಟ್ಟೆ ಉರೀತಿತ್ತು. ನಿಮ್ಮಪ್ಪನ ವ್ಯಾನಿನ ಮಾತು ಆಡ್ತಿದ್ದೆನಲ್ಲ, ಅದು ಯಾರ ಹೆದರಿಕೇಗೂ ಅಲ್ಲ. ಅದು ನನ್ನದೇ."

ಕ್ಲಚ್ಚಕ್ಕ ಕಾರಿನಿಂದಿಳಿದು ಗೋದಾಮಿನ ಗೋಡೆಯವರೆಗೆ ನಡೆದು, ಗೋಡೆಗೆ ಹಣೆಯಿಟ್ಟು ಅತ್ತಳು. ತನ್ನ ಕಳೆದುಹೋದ ಕೆಲಸಕ್ಕೆ ಅತ್ತಳು. ಆ ಮನೆಯಲ್ಲಿ ಜೀವಮಾನವಿಡೀ ಶೂ ಸದ್ದಿಗೆ ಕಿವಿಗೊಟ್ಟು ಕೂತ ಹೆಂಗಸಿಗಾಗಿಯೂ ಅತ್ತಳು. ತಾನು ಒಂದು ದಿನ ಬಾಗಿಲು ಬಡಿದು, ಅದೇ ವಾರ ಹೊರಟುಬಂದಿದ್ದಳು. ಅವರಿಗೆ ಹೋಗಲು ಬ್ರೆಡ್ಡಿನ ವ್ಯಾನಿನ ಅಪ್ಪನೂ ಇರಲಿಲ್ಲ. ಕನಿಕರ ಬಂತೆಂದರೆ ಸಿಟ್ಟು ಹೋಯಿತೆಂದಲ್ಲ. ಎರಡೂ ಒಂದೇ ಎದೆಯಲ್ಲಿ ಜಾಗಕ್ಕಾಗಿ ಕಿತ್ತಾಡುತ್ತಿದ್ದವು. ಮಾವನ ಮೇಲೆ ಕನಿಕರಪಡಲು ಮಾತ್ರ ಅವಳಿಂದ ಆಗಲಿಲ್ಲ. ಅದಕ್ಕೆ ಇನ್ನೊಂದು ಜನ್ಮ ಎತ್ತಬೇಕು. ಮೂಗೊರೆಸಿಕೊಂಡು ವಾಪಸು ಬಂದು ಬಾಗಿಲು ಹಾಕಿಕೊಂಡಳು.

"ಚಿಲಕ ಹಾಕಿದ್ದು ತಪ್ಪೇ" ಎಂದಳು.

"ತಪ್ಪೇ" ಎಂದರು ಅತ್ತೆ.

"ಸರಿ. ನಾಳೆ ಏರಿನಲ್ಲಿ ಪಾಠ."

ಮರುದಿನ ಗೋದಾಮಿನ ಪಕ್ಕದ ಕಡಿದಾದ ಏರಿನ ಕೆಳಗೆ ಕಾರು ನಿಲ್ಲಿಸಿ ಕ್ಲಚ್ಚಕ್ಕ ಒಂದು ಕೆಲಸ ಮಾಡಿದಳು. ಈ ಕಸುಬಿನಲ್ಲಿ ತಲೆ ನೆಟ್ಟಗಿರುವ ಯಾರೂ ಅದನ್ನು ಮಾಡುವುದಿಲ್ಲ. ಯಜಮಾನರು ನೋಡಿದ್ದರೆ ಅಲ್ಲೇ ಕೆಲಸದಿಂದ ತೆಗೆಯುತ್ತಿದ್ದರು. ಚಪ್ಪಲಿ ಬಿಚ್ಚಿ ಹಿಂದಿನ ಸೀಟಿಗೆ ಎಸೆದು, ಎರಡೂ ಕಾಲು ಮೇಲೆತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಇದೇನೇ ಇದು? ಕಾಲು ಕೆಳಗಿಡು!"

"ಇಡಲ್ಲ. ನೋಡೋಕೆ ಕಾಲಿದ್ರೆ ತಾನೇ ನೀವು ನೋಡೋದು? ಈಗ ರಸ್ತೆ ನೋಡಿ."

"ಬ್ರೇಕ್ ಯಾರು ಹಿಡೀತಾರೆ?"

"ನೀವೇ."

"ಹುಚ್ಚು ಹಿಡಿದಿದ್ಯಾ ನಿನಗೆ?"

"ಹಿಡಿದಿದೆ. ಗೇರ್ ಹಾಕಿ."

ಏರಿನ ನಡುವೆ ಕಾರು ನಿಲ್ಲಿಸಿ ಮತ್ತೆ ಮೇಲಕ್ಕೆ ಹೊರಡಬೇಕು, ಒಂದಿಷ್ಟೂ ಹಿಂದಕ್ಕೆ ಜಾರಬಾರದು. ಜಾರಿತು. ಹಿಂದೆ ಗೋಣಿಚೀಲ ಇಳಿಸುತ್ತಿದ್ದ ಲಾರಿಯೊಂದು ನಿಂತಿತ್ತು, ಅದರ ಮುಖ ಕನ್ನಡಿಯಲ್ಲಿ ದೊಡ್ಡದಾಗುತ್ತ ಬಂತು. ಕ್ಲಚ್ಚಕ್ಕನಿಗೆ ಜೀವ ಬಾಯಿಗೆ ಬಂತು. ನನ್ನನ್ನು ಕೂಡಿಹಾಕಿದ್ದ ಹೆಂಗಸಿನ ಕೈಗೆ ನನ್ನ ಪ್ರಾಣ ಕೊಟ್ಟು ಕೂತಿದ್ದೇನೆ, ನನಗಿಂತ ದಡ್ಡಿ ಈ ಊರಲ್ಲಿಲ್ಲ ಎನಿಸಿತು. ಕಾಲು ಇಳಿಸಲು ಮೈಯೆಲ್ಲ ತುಡಿಯಿತು. ತೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಅತ್ತೆ ಕಾರು ಹಿಡಿದರು. ಲಾರಿಗೂ ಅವರಿಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟೇ ಜಾಗ ಉಳಿದಿತ್ತು. ಹ್ಯಾಂಡ್‌ಬ್ರೇಕ್ ಎಳೆದು, ಉಸಿರು ಬಿಟ್ಟು, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾರನ್ನು ಏರಿನ ತುದಿಗೆ ಏರಿಸಿದರು.

"ಕಾಲು ಜೋಮು ಹಿಡೀತು" ಎಂದಳು ಕ್ಲಚ್ಚಕ್ಕ.

"ಹಿಡೀಲಿ. ಇನ್ನೊಂದು ಸಲ ಹೋಗೋಣ" ಎಂದರು ಅತ್ತೆ. ಆಮೇಲೆ ಅತ್ತೆಯನ್ನು ಹಿಡಿಯುವವರಿರಲಿಲ್ಲ. ದಿನಕ್ಕೆ ಎಷ್ಟು ಸಲ ಆ ಏರು ಹತ್ತಿದರೋ ಗೋಣಿಚೀಲದವರನ್ನೇ ಕೇಳಬೇಕು.

ಟೆಸ್ಟಿನ ದಿನ ಬಂತು. ಪರೀಕ್ಷೆ ಮಾಡುವ ಅಧಿಕಾರಿಗೆ ಊರು ಇಟ್ಟ ಹೆಸರು ಗುಡುಗಪ್ಪ. ಮನಸ್ಸು ಕೆಟ್ಟದ್ದಲ್ಲ, ಗಂಟಲು ಕೆಟ್ಟದ್ದು. ನೀರು ಕೊಡಿ ಎಂದು ಕೇಳಿದರೂ ಬೆಂಕಿ ಬಿದ್ದಿದೆಯೆಂದು ಜನ ಓಡಬೇಕು, ಹಾಗೆ. ಜೊತೆಗೆ ಮಾತಾಡುವಾಗ ಕೈ ಬೀಸುವ ಚಾಳಿ ಬೇರೆ. ಪಕ್ಕದ ಸೀಟಿನಲ್ಲಿ ಕೂರುವವರು ಅವರು. ಅವರ ಕಾಲು ಬ್ರೇಕಿಗೆ ತಗುಲಿದರೆ ಫೇಲು. ಇದೆಲ್ಲ ಕ್ಲಚ್ಚಕ್ಕನಿಗೆ ಗೊತ್ತಿತ್ತು. ಅತ್ತೆಗೆ ಹೇಳಿ ಹೆದರಿಸುವುದು ಬೇಡವೆಂದು ನುಂಗಿಕೊಂಡಿದ್ದಳು. ಈಗ ಮೈದಾನದ ಅಂಚಿನ ಬೆಂಚಿನ ಮೇಲೆ ಕೂತು, ಸ್ಕೂಲಿನ ಕಾರು ಅತ್ತೆಯನ್ನೂ ಗುಡುಗಪ್ಪನವರನ್ನೂ ಹೊತ್ತುಕೊಂಡು ಹೊರಟದ್ದನ್ನು ನೋಡುತ್ತ ಉಗುರು ಕಚ್ಚುತ್ತಿದ್ದಳು.

ತಿರುವು ಸರಿಹೋಯಿತು. ಹಿಂದಕ್ಕೆ ತೆಗೆದು ನಿಲ್ಲಿಸಿದ್ದೂ ಸರಿಹೋಯಿತು. ಕಾರು ಪರೀಕ್ಷೆಯ ಏರು ಹತ್ತಿ ನಡುವೆ ನಿಂತಿತು. ನಿಂತೇ ಇತ್ತು. ಗಾಜಿನ ಹಿಂದೆ ಒಂದು ದಪ್ಪ ಕೈ ಮೇಲೆದ್ದು ಬೀಸಾಡಿದ್ದು ಇಷ್ಟು ದೂರಕ್ಕೂ ಕಾಣಿಸಿತು. ಆ ದನಿಯೂ ಕೇಳಿಸಿತು. "ಮುಗೀತು" ಎಂದಳು ಕ್ಲಚ್ಚಕ್ಕ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ. ಅತ್ತೆಯ ತಲೆ ಭುಜದೊಳಗೆ ಹುದುಗುವುದು ಅವಳ ಕಣ್ಣಿಗೆ ಕಟ್ಟಿತು. ಮಾವನ ಕಾರು ಇಂದು ಸಂಜೆ ಗಿರಾಕಿಯ ಪಾಲು, ಲಾಡ್ಜಿನ ಪರದೆಗಳು ಬೇರೆಯವರ ಪಾಲು. ಎಷ್ಟೋ ವರ್ಷ ಈ ಹೆಂಗಸು ಸೋಲಲಿ ಎಂದು ಹಾರೈಸಿದ್ದವಳು ಈಗ ಬೆಂಚಿನಿಂದೆದ್ದು ನಿಂತು, ಹಲ್ಲು ಕಚ್ಚಿಕೊಂಡು, "ಹತ್ತಿ ಅತ್ತೆ, ಹತ್ತಿ" ಎನ್ನುತ್ತಿದ್ದಳು.

ಏರಿನಲ್ಲಿ ಏನೂ ನಡೆಯಲಿಲ್ಲ. ಕೈ ಕೆಳಗಿಳಿಯಿತು. ಆಮೇಲೆ ಕಾರು ಒಂದು ಕೂದಲೆಳೆಯಷ್ಟೂ ಹಿಂದೆ ಸರಿಯದೆ ಮೇಲಕ್ಕೆ ಹೊರಟಿತು.

ಕಾರು ತಿರುಗಿ ಬಂದಾಗ ಗುಡುಗಪ್ಪನವರು ಮೊದಲು ಇಳಿದರು. ಕ್ಲಚ್ಚಕ್ಕನ ಹತ್ತಿರ ಬಂದು, ಅವರ ಮಟ್ಟಿಗೆ ಪಿಸುಮಾತು ಎನ್ನಬಹುದಾದ ದನಿಯಲ್ಲಿ ಕೇಳಿದರು: "ಯಾರಮ್ಮ ಅವರು?"

"ಯಾಕೆ ಸಾರ್?"

"ಏರಲ್ಲಿ ನಿಂತಾಗ, ನಡೀರಿ ನಡೀರಿ ಅಂತ ಕೈ ಎತ್ತಿದೆ. ಒಂದು ಕ್ಷಣ ಗೋಡೆ ಹಾಗೆ ಬಿಳಿಚಿಕೊಂಡ್ರು. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ನನ್ನ ಕಡೆ ಪೂರ್ತಿ ತಿರುಗಿ, ಏನಂದ್ರು ಗೊತ್ತಾ? ಕೈ ಕೆಳಗಿಡಿ, ಓಡಿಸ್ತಿರೋದು ನಾನು ಅಂದ್ರು."

"ಅಯ್ಯೋ! ಆಮೇಲೆ?"

"ಆಮೇಲೇನು, ಇಟ್ಟೆ." ಗುಡುಗಪ್ಪನವರು ಜೇಬಿನಿಂದ ಪೆನ್ನು ತೆಗೆದರು. "ಪಾಸು."

ಕ್ಲಚ್ಚಕ್ಕ ಓಡಿದಳು. ಅತ್ತೆ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು. ಅವರು ಅಷ್ಟು ಅಗಲವಾಗಿ ನಕ್ಕದ್ದನ್ನು ಕ್ಲಚ್ಚಕ್ಕ ಆ ಮನೆಯಲ್ಲಿದ್ದಷ್ಟು ದಿನ ಒಮ್ಮೆಯೂ ನೋಡಿರಲಿಲ್ಲ.

"ಕೈ ಕೆಳಗಿಟ್ರು ಕಣೇ" ಎಂದರು ಅತ್ತೆ. "ಹೇಳಿದ ತಕ್ಷಣ ಇಟ್ಟುಬಿಟ್ರು. ಹಾಗೆ ಹೇಳಬಹುದು ಅಂತಾನೇ ನಂಗೆ ಯಾರೂ ಹೇಳಿರಲಿಲ್ಲ."

ಕ್ಲಚ್ಚಕ್ಕ ಕಿಟಕಿಯೊಳಗೆ ಕೈ ಹಾಕಿ ಅವರ ತಲೆಯನ್ನು ಎದೆಗೆ ಒತ್ತಿಕೊಂಡಳು. ಅತ್ತೆ ಬೆಚ್ಚಲಿಲ್ಲ. ಯಾರ ಕೈ ಮೇಲೆದ್ದಿತೆಂದು ನೋಡಲೂ ಇಲ್ಲ. ಹಾಗೇ ಒರಗಿದರು.

ಅಷ್ಟರಲ್ಲಿ ಹಿಂದೆ ಸಾಲಿನಲ್ಲಿದ್ದವನು ಹಾರ್ನ್ ಬಾರಿಸಿದ. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, "ಇರಪ್ಪಾ, ಹೋಗ್ತಿದ್ದೀನಿ! ನಿನಗೊಬ್ಬನಿಗೇನಾ ರಸ್ತೆ?" ಎಂದು ಗದರಿದರು. ಕಣ್ಣೊರೆಸಿಕೊಂಡರು, ಗೇರ್ ಹಾಕಿದರು, ಮೈದಾನದ ಗೇಟು ದಾಟಿ, ಲಾಡ್ಜಿನ ಕಿಟಕಿಗಳ ಅಳತೆ ತೆಗೆಯಲು ಸೀದಾ ಹೆದ್ದಾರಿಯ ಕಡೆಗೆ ಹೊರಟೇಬಿಟ್ಟರು. ಕ್ಲಚ್ಚಕ್ಕ ಧೂಳಿನ ನಡುವೆ ನಿಂತು ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕೂಗಿದಳು. ಅದು ಸ್ಕೂಲಿನ ಕಾರು ಎಂಬುದು ಇಬ್ಬರಿಗೂ ಮರೆತೇಹೋಗಿತ್ತು.